ನನ್ನ ಮಗಳು ಸೋಮನೂರಿನಲ್ಲಿ ಏಕಿಲ್ಲ

ಗಾಳಿಯ ಶುದ್ಧಿಗೆ ಹೊಣೆಗಾರರಾದ ಮಾನ್ಯ ಅಧಿಕಾರಿಗಳೇ,

ಸೋಮನೂರಿನ ನಮ್ಮ ಓಣಿಯ ಗಾಳಿಯಲ್ಲಿ ಯಾವ ದೋಷವೂ ಇಲ್ಲವೆಂದು ತಾವು ಸಹಿ ಹಾಕಿದ್ದೀರಿ. ಅದೇ ಓಣಿಯಲ್ಲಿ ಉಸಿರಾಡಲಾಗದೆ ನನ್ನ ಆರು ವರ್ಷದ ಮಗಳು ಇಲಕ್ಕಿಯಾ ಊರು ಬಿಟ್ಟಿದ್ದಾಳೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ತಮಿಳಿನಲ್ಲಿ ಮೂರು ಅರ್ಜಿ ಕೊಟ್ಟದ್ದಕ್ಕೆ ಸಿಕ್ಕ ಉತ್ತರ ಆ ಸಹಿ. ಈ ನಾಲ್ಕನೆಯದನ್ನು ಅಜ್ಜಿ ಕಲಿಸಿದ ಅಕ್ಷರಗಳಲ್ಲಿ, ಮನೆಮಾತಾದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದದಿರಲು ತಮಗೆ ಈ ಸಲವಾದರೂ ಒಂದು ಕಾರಣವಿರಲಿ.

ನಾವು ತಲೆಮಾರುಗಳಿಂದ ನೇಯುವವರು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು. ಹಿಂಗೋಡೆಯ ಆಚೆ ಬಟ್ಟೆಗೆ ಬಣ್ಣ ಹಾಕುವ ಘಟಕ. ಅದರ ಬಾಯ್ಲರಿಗೆ ಬನಿಯನ್ ಚಿಂದಿಯೇ ಸೌದೆ. ಇಲಕ್ಕಿಯಾ ಹೊಟ್ಟೆಯಲ್ಲಿದ್ದಾಗ ಎಂಟು ತಿಂಗಳು ತುಂಬುವವರೆಗೂ ಮಗ್ಗದ ಮುಂದೆ ನಿಂತೆ. ಸಂಜೆಯಾದರೆ ಕೂದಲು, ರೆಪ್ಪೆಗಳ ತುಂಬ ಹತ್ತಿಯ ಧೂಳು. ನಾವದನ್ನು ಪಂಜು ಅನ್ನುತ್ತೇವೆ. ಅತ್ತೆ ಕಾಮಾಕ್ಷಿಯಮ್ಮ ಸೆರಗಿನಿಂದ ಒರೆಸುತ್ತ, "ಬಾಯ್ಗೆ ಬಟ್ಟೆ ಕಟ್ಕೋ ಕಣ್ಣು. ಒಳಗಿರೋ ಕೂಸಿಗೂ ಇದೇ ಗಾಳಿ ತಾನೇ?" ಅನ್ನುತ್ತಿದ್ದರು. ಯಾವ ಮಾಪಕವೂ ಇಲ್ಲದೆ ಆ ಮುದುಕಿಗೆ ತಿಳಿದದ್ದು ತಮ್ಮ ಇಲಾಖೆಗೆ ಏಕೆ ತಿಳಿಯಲಿಲ್ಲ?

ಮಗು ಸಣ್ಣದಾಗಿ ಹುಟ್ಟಿತು. ಎಂಟು ತಿಂಗಳ ಕೂಸಾಗಿದ್ದಾಗ ಉಸಿರೆಳೆದರೆ ಎದೆಯಲ್ಲಿ ಸೀಟಿ ಶುರುವಾಯಿತು. ಇದೊಂದರಿಂದಲೇ ಆಯಿತೆಂದು ಹೇಳಲಾಗದು, ಆದರೆ ಹೊಗೆ, ಧೂಳು ಬಸುರಿಯ ಮೂಲಕವೇ ಮಗುವಿನ ಶ್ವಾಸಕೋಶವನ್ನು ತಟ್ಟಬಹುದು, ಹುಟ್ಟಿದ ಮೇಲೂ ಅದೇ ಗಾಳಿಯಾದರೆ ಚೇತರಿಕೆ ಕಷ್ಟ ಎಂದರು ವೈದ್ಯರು. ಈ ಮಾತನ್ನು ನಾನು ಗಂಡನಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಮಗ್ಗದ ಮುಂದೆ ನಿಂತಿದ್ದವಳು ನಾನು.

ಕೊನೆಗೆ ತಮ್ಮ ಸಿಬ್ಬಂದಿ ಬಂದರು, ಘಟಕಕ್ಕೆ ಮೊದಲೇ ಫೋನ್ ಮಾಡಿ. ಅಂದು ಬಾಯ್ಲರ್ ತಣ್ಣಗಿತ್ತು. "ಎಲ್ಲಮ್ಮ ಹೊಗೆ?" ಎಂದು ಕೇಳಿ, ಚಹಾ ಕುಡಿದು ಹೋದರು. ಹೊಸ್ತಿಲ ಮೇಲೆ ಇನ್‌ಹೇಲರ್ ಹಿಡಿದು ಕೂತ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಆ ಘಟಕದಲ್ಲಿ ಓಣಿಯ ಹನ್ನೆರಡು ಮನೆಯವರಿಗೆ ಕೆಲಸವಿದೆ. ಮರುದಿನ ಕೊಳಾಯಿಯ ಬಳಿ ಎದುರುಮನೆಯ ಕನ್ನಿಯಮ್ಮಾಳ್ ಕೇಳಿದಳು: "ನಿನ್ ಮಗುಗೆ ಕಾಯಿಲೆ ಅಂದ್ರೆ ಆಸ್ಪತ್ರೆಗೆ ಹೋಗು. ನಮ್ ಒಲೆ ಯಾಕೆ ಆರಿಸ್ತೀಯ?" ಅವಳ ಮೊಮ್ಮಗನೂ ಕೆಮ್ಮುತ್ತಾನೆ. ಅಂದಿನಿಂದ ನಾನು ನೀರಿಗೆ ಹೋದರೆ ಮಾತು ನಿಲ್ಲುತ್ತದೆ.

ಈ ವರ್ಷ ಮಗಳನ್ನು ಬೆಟ್ಟದ ಮೇಲಿನ ತಾಳವಾಡಿಯಲ್ಲಿರುವ ಅಕ್ಕನ ಮನೆಯಲ್ಲಿ ಬಿಟ್ಟೆವು. ಎರಡೇ ತಿಂಗಳಲ್ಲಿ ಓಡತೊಡಗಿದಳು. ಹೋದ ಭಾನುವಾರ ನಾನು ಬಸ್ಸಿಳಿದಾಗ ದೂರದಿಂದ ಓಡಿಬಂದವಳು ಐದು ಹೆಜ್ಜೆ ಇರುವಾಗ ನಿಂತುಬಿಟ್ಟಳು. "ಅಮ್ಮಾ, ಮೊದ್ಲು ತಲೆಗೆ ನೀರ್ ಹುಯ್ಕೊಂಡ್ ಬಾ. ನಿನ್ ಮೇಲೆ ಪಂಜು ಇರುತ್ತೆ, ನಂಗೆ ಉಸ್ರು ಕಟ್ಟುತ್ತೆ." ಬಚ್ಚಲಿನಲ್ಲಿ ಎರಡು ಸಲ ತಲೆ ತೊಳೆದೆ. ಆಮೇಲೆ ಬಂದು ಮಡಿಲಲ್ಲಿ ಕೂತಳು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಅವಳು ಅಳಲಿಲ್ಲ, ಮಾನ್ಯರೇ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಪರಿಹಾರದ ಹಣ ಬೇಡ. ತಿಳಿಸದೆ ಬನ್ನಿ. ಬಾಯ್ಲರ್ ಉರಿಯುವ ದಿನ, ಮಗುವಿನ ಮೂಗಿನ ಎತ್ತರದಲ್ಲಿ ಮಾಪಕ ಇಟ್ಟು, ಕಂಡದ್ದನ್ನು ಕಂಡಂತೆ ಬರೆಯಿರಿ. ಚಿಂದಿ ಸುಡುವುದನ್ನು ನಿಲ್ಲಿಸಿ. ಹನ್ನೆರಡು ಮನೆಗಳ ಕೆಲಸ ಉಳಿಯುವಂತೆ ನಿಲ್ಲಿಸಿ. ಪಕ್ಕದ ಶೆಡ್ಡಿನಲ್ಲಿ ಈಗ ಐದು ತಿಂಗಳ ಬಸುರಿಯೊಬ್ಬಳು ಮಗ್ಗದ ಮುಂದೆ ನಿಂತಿದ್ದಾಳೆ. ಅವಳಿಗೆ ಇನ್ನೂ ಸಮಯವಿದೆ.

ಇಂತಿ,
ತಮ್ಮ ಕಡತದಲ್ಲಿ ಬರೀ ದೂರುದಾರಳಾದ,
ತೆನ್ಮೊಳಿ ಕುಮರೇಶನ್
ಸೋಮನೂರು