ಬೂಸ್ಟು ಬಾರದ ಹಾಳೆ

ಆಹಾರ ಪೊಟ್ಟಣಗಳಿಗೆ ಒಪ್ಪಿಗೆ ಕೊಡುವ ಮಾನ್ಯ ಅಧಿಕಾರಿಗಳೇ,

ತಾವು ನನ್ನನ್ನು ಪಾಸು ಮಾಡಿದ್ದೀರಿ. ದಯವಿಟ್ಟು ಫೇಲ್ ಮಾಡಿ. ಸೋಮವಾರದೊಳಗೆ ಮಾಡಿ. ಅಂದು ಪುತ್ತೂರು, ಸುಳ್ಯ, ಕಡಬದ ಅಂಗನವಾಡಿ ಮಕ್ಕಳಿಗೆ ನಾನು ಕಂಡುಹಿಡಿದ ಹಾಳೆಯಲ್ಲಿ ಸುತ್ತಿದ ಎಳ್ಳುಂಡೆ ಹಂಚಲಿದ್ದಾರೆ. ಆ ಹಾಳೆಯಲ್ಲಿ ಮೈಲುತುತ್ತು ಎಂಬ ವಿಷ ಇದೆ. ಮೊದಲು ಹಾಕಿದವಳು ನಾನೇ.

ನಾನು ಮರ್ಕಂಜದಲ್ಲಿ ಕೂವೆ ಗಡ್ಡೆ ಅರೆದು, ಸೋಸಿ, ಹುಡಿ ಮಾಡಿ ಮಾರುವವಳು. ಆ ಹುಡಿಯನ್ನು ನೀರು, ಗ್ಲಿಸರಿನ್ ಸೇರಿಸಿ ಕಾಯಿಸಿ, ವೀಳ್ಯದೆಲೆಯ ರಸ ಬೆರೆಸಿ, ಸ್ಟೀಲ್ ತಟ್ಟೆಗೆ ತೆಳ್ಳಗೆ ಹೊಯ್ದು ಒಣಗಿಸಿದರೆ ಪ್ಲಾಸ್ಟಿಕ್ಕಿನಂಥ ಹಾಳೆ ಏಳುತ್ತದೆ. ಮಣ್ಣಿಗೆ ಹಾಕಿದರೆ ತಿಂಗಳಲ್ಲಿ ಕರಗುತ್ತದೆ. "ಮಕ್ಕಳು ಕಚ್ಚಿದರೂ ಭಯವಿಲ್ಲ" ಎಂದು ಅರ್ಜಿಯಲ್ಲಿ ಬರೆದಿದ್ದೆ. ಆಗ ಅದು ನಿಜವಾಗಿತ್ತು.

ತಾವು ಎರಡು ಸಲ ತಿರಸ್ಕರಿಸಿದಿರಿ. ತಮ್ಮ ಪರೀಕ್ಷೆಯಾದರೂ ಏನು? ಹಾಳೆಯನ್ನು ಕಚೇರಿಯ ಕಿಟಕಿಗೆ ಹದಿನೈದು ದಿನ ನೇತುಹಾಕುವುದು. ಮಳೆಗಾಲದ ಥಂಡಿಗೆ ಎಂಟನೇ ದಿನ ಬೂಸ್ಟು ಬಂತು. "ಬೂಸ್ಟು ಬಾರದ್ದು ತನ್ನಿ ಅಕ್ಕಾ, ಮತ್ತೆ ನೋಡುವ" ಎಂದರು ತಮ್ಮ ಗುಮಾಸ್ತರು. ನನಗೆ ಪಿತ್ತ ನೆತ್ತಿಗೇರಿತು. ಕೊಟ್ಟಿಗೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತು ಇತ್ತು. ಒಂದು ಚಮಚ ಹಾಕಿದೆ. ಕದ್ದುಮುಚ್ಚಿ ಅಲ್ಲ, ಅರ್ಜಿಯಲ್ಲೂ ಬರೆದೆ: "ಬೂಸ್ಟು ತಡೆಯಲು: ಮೈಲುತುತ್ತು." ಓದುತ್ತಾರೆ, ಕರೆದು ಬೈಯುತ್ತಾರೆ, ಆಗ ನನ್ನದೂ ನಾಲ್ಕು ಮಾತು ಹೇಳಬಹುದು ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು! ತಾವು ಓದಲಿಲ್ಲ. "ತಿಳಿನೀಲಿ ಬಣ್ಣ ಆಕರ್ಷಕವಾಗಿದೆ" ಎಂದು ಷರಾ ಬರೆದು, ಆ ವಿಧಾನವನ್ನೇ ಸುತ್ತೋಲೆ ಮಾಡಿ ಮೂರು ತಾಲೂಕಿಗೂ ಕಳಿಸಿದಿರಿ.

ತಪ್ಪಾಗಿದೆ ಎಂದು ಎರಡು ಪತ್ರ ಬರೆದೆ. "ಅನುಮೋದಿತ ಮಾದರಿಯನ್ನು ತಿರಸ್ಕರಿಸಲು ನಿಯಮದಲ್ಲಿ ಅವಕಾಶವಿಲ್ಲ" ಎಂಬ ಉತ್ತರ ಬಂತು. ವಿಷವನ್ನು ವಿಷ ಎನ್ನಲು ಯಾವ ನಮೂನೆ ತುಂಬಬೇಕು, ಮಾನ್ಯರೇ?

ಆ ಸುತ್ತೋಲೆಯಂತೆ ರಾಮಕುಂಜದಲ್ಲಿ ಹಾಳೆ ಮಾಡುವ ಇಮ್ತಿಯಾಝ್‌ಗೆ ಫೋನ್ ಮಾಡಿದೆ. "ಆಫೀಸೇ ಬರೆದ ಮೇಲೆ ಪರೀಕ್ಷೆ ಆಗಿದೆ ಅಂತ ಎಣಿಸಿದೆ ಶೀಲಕ್ಕಾ. ಈಗ ನಿಲ್ಲಿಸ್ಲಿಕ್ಕೂ ಅಲ್ಲಿಂದಲೇ ಕಾಗದ ಬರ್ಬೇಕಲ್ಲ? ಮಾಲು ಆಗ್ಲೇ ಹೋಗಿಯಾಯ್ತು" ಎಂದ.

ನನ್ನ ಮಗಳು ಮೋಕ್ಷಿತಾಳಿಗೆ ನಾಲ್ಕು ವರ್ಷ. ಅವಳ ಅಂಗನವಾಡಿಯ ವಾಸಂತಿ ಟೀಚರ್ ಹೇಳಿದರು: "ಮಕ್ಕಳು ಬಿಡಿಸಿ ತಿಂತಾರಾ? ಹಾಳೆ ಸಮೇತ ಬಾಯಿಗೆ ಹಾಕುದು. ಭಯವಿಲ್ಲ ಅಂತ ಪೊಟ್ಟಣದಲ್ಲೇ ಉಂಟಲ್ಲ! ನಾನು ಕೊಡುದಿಲ್ಲ. ಉಳಿದ ಕಡೆ ಎಂತ ಮಾಡುದು?" ಹೌದು, ನನ್ನ ಆ ಹಳೆಯ ವಾಕ್ಯವನ್ನೇ ಪ್ರತಿ ಪೊಟ್ಟಣದ ಮೇಲೂ ಅಚ್ಚು ಹಾಕಿಸಿದ್ದೀರಿ.

ಗೊಬ್ಬರದ ಗುಂಡಿಗೆ ಹಾಕಿದ ನೀಲಿ ತುಂಡನ್ನು ಎರಡು ತಿಂಗಳ ಬಳಿಕ ತೆಗೆದು ನೋಡಿದೆ. ಹಾಕಿದ ಹಾಗೇ ಇತ್ತು. ಅದರ ಸುತ್ತ ಒಂದು ಎರೆಹುಳವೂ ಇರಲಿಲ್ಲ.

ಸುತ್ತೋಲೆ ಹಿಂಪಡೆಯಿರಿ. ಪೊಟ್ಟಣಗಳನ್ನು ಸೋಮವಾರದ ಮೊದಲು ವಾಪಸ್ ತರಿಸಿ. ಬೇಕಾದರೆ ನನ್ನ ಮೇಲೆ ಕೇಸು ಹಾಕಿ, ಬಂದು ಸಹಿ ಹಾಕುತ್ತೇನೆ. ತಮ್ಮ ಕಚೇರಿಗೆ ಒಂದು ಎಳ್ಳುಂಡೆ ಕಳಿಸಿದ್ದೇನೆ, ಅದೇ ಹಾಳೆಯಲ್ಲಿ ಸುತ್ತಿ. ನಲವತ್ತು ದಿನ ನಮ್ಮ ಜಗಲಿಯಲ್ಲಿತ್ತು. ಬೂಸ್ಟು ಬರಲಿಲ್ಲ, ಇರುವೆಯೂ ಬರಲಿಲ್ಲ. ಮೇಜಿನ ಮೇಲಿಟ್ಟು ನೋಡಿ. ತಿನ್ನಬೇಡಿ.

ಇಂತಿ,
ತಮ್ಮ ಪರೀಕ್ಷೆಯಲ್ಲಿ ಪಾಸಾಗಿ ಕೆಟ್ಟವಳು,
ಶೀಲಾವತಿ, ಮರ್ಕಂಜ