ನಾಳಿನ ನಿಂಬೆ ದರ

೧೪ ಜೂನ್, ಶನಿವಾರ. ತಾಂಬಾ.

ಕಾಶಿಬಾಯಿ ಇವತ್ತು ನನಗೆ ಕೈಮುಗಿದಳು. ಅದೇ ಚುಚ್ಚುತ್ತಿದೆ.

'ನಾಳಿನ ನಿಂಬೆ ದರ ಇವತ್ತೇ' ಎಂಬ ವಾಟ್ಸಾಪ್ ಗುಂಪಿಗೆ ಅವಳನ್ನು ಸೇರಿಸಿದ್ದು ನಾನೇ. ತಿಂಗಳಿಗೆ ಮುನ್ನೂರು ರೂಪಾಯಿ. ನಾಲ್ವರನ್ನು ಕರೆತಂದವರಿಗೆ ಪುಕ್ಕಟೆ. ಅವಳು ನನ್ನ ನಾಲ್ಕನೆಯವಳು. ಮೂವತ್ತು ವರ್ಷ ಈ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸಿದವನ ಮಾತೆಂದು ಯಾರೂ ಪ್ರಶ್ನೆ ಕೇಳಲಿಲ್ಲ.

ಇಂಡಿ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ಆ ದಿನದ ದರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಗುಂಪು ನಡೆಸುವವರು ಅದನ್ನೇ ಸಂಜೆ 'ನಾಳಿನ ದರ' ಎಂದು ಹಾಕುತ್ತಾರೆ. ಒಂದು ವಾರ ಬೋರ್ಡನ್ನೂ ಗುಂಪನ್ನೂ ತಾಳೆ ನೋಡಿದೆ. ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ಅಷ್ಟು ಗೊತ್ತಾದ ಮೇಲೂ ಹತ್ತು ದಿನ ಸುಮ್ಮನಿದ್ದೆ.

ಇವತ್ತು ಹೇಳಿಯೇ ಬಿಡಬೇಕೆಂದು ಅವಳ ತೋಟಕ್ಕೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಗುರುಗಳ, ನಿಮ್ಮಿಂದ ಭಾಳ ಉಪಕಾರ ಆತ್ರಿ. ಆ ದರ ನೋಡೇ ಕಾಯಿ ಹರಿಯಾಕತ್ತೇನಿ. ನಮ್ಮ ತಂಗಿ ಸುರೇಖಾನ್ನೂ ಸೇರಸ್ರಿ" ಎಂದಳು.

"ಆ ದರ ಖರೇ ಇರ್ತೈತೇನು, ನೋಡಿಯೇನವಾ?"

"ನೀವ ಹೇಳೀರಲ್ರಿ. ಮತ್ತೇನ್ ನೋಡೂದೈತಿ?"

ತಂಗಿಯ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಳು. ನಾನು ತೆಗೆದುಕೊಂಡು ಬಂದೆ. ಅದನ್ನು ಹರಿದು ಹಾಕಿದರೆ ಸಾಕು ಎಂದುಕೊಂಡೆ. ಸಾಲದು.

ಐದನೇ ಇಯತ್ತೆಯಲ್ಲಿ ಪಕ್ಕದವಳ ಪಾಟಿ ನೋಡಿ ಉತ್ತರ ಬರೆದಳೆಂದು ಇದೇ ಕಾಶಿಬಾಯಿಯನ್ನು ಇಡೀ ದಿನ ನಿಲ್ಲಿಸಿದ್ದೆ. ಅಂದು ಅವಳು ನಾನು ಕೇಳಿದ ಕೂಡಲೇ ತಪ್ಪನ್ನು ಒಪ್ಪಿಕೊಂಡಿದ್ದಳು.