ವಾದಕ್ಕೆಂದು ಒಪ್ಪಿಕೊಂಡದ್ದು

ಮನೆಯ ಮುಂದಿನ ಕೋಣೆಯಿಂದ
ಹನ್ನೊಂದನೆಯ ತಾರೀಖು, ಮಂಗಳವಾರ, ಬೆಳಗ್ಗೆ

ಪ್ರೀತಿಯ ಸೊಸೆಗೆ,

ಮಾವನ ಆಶೀರ್ವಾದಗಳು. ನಿನ್ನ ಹೆಬ್ಬೆರಳಿನ ನೋವು ಈಗ ಹೇಗಿದೆ? ದಾರ ಎಳೆದೂ ಎಳೆದೂ ಊದಿಕೊಂಡಿದ್ದ ಆ ಗಿಣ್ಣು ನೀನು ತವರಿಗೆ ಹೊರಟ ದಿನವೂ ಇಳಿದಿರಲಿಲ್ಲ. ಬ್ಯಾಗು ಎತ್ತುವಾಗ ನೀನು ಎಡಗೈ ಬಳಸಿದ್ದನ್ನು ನಾನು ಗಮನಿಸಿದ್ದೆ. ಎತ್ತಿಕೊಡಲಿಲ್ಲ, ಅದು ಬೇರೆ ಮಾತು. ನಿನ್ನ ತಾಯಿಗೆ ಕಣ್ಣಿನ ಪೊರೆ ತೆಗೆಸಿದ್ದಾಯಿತೆಂದು ಕೇಳಿದೆ. ಇನ್ನೊಂದು ತಿಂಗಳು ಅವರು ಹೊಗೆಗೂ ಧೂಳಿಗೂ ಹೋಗದಂತೆ ನೋಡಿಕೋ. ನಾನು ಕ್ಷೇಮ. ನೀನು ಚೀಟಿ ಅಂಟಿಸಿಟ್ಟ ಡಬ್ಬಿಗಳಿಂದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವ ವಿದ್ಯೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಕೈಹತ್ತಿದೆ, ಹತ್ತಕ್ಕೆ ಆರು ಸಲ.

ಇನ್ನು ವಿಷಯಕ್ಕೆ ಬರುತ್ತೇನೆ. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಮುಂದಿನ ಮಾತಿಗೆ ಹೋಗುವುದು ನನಗೆ ಅಭ್ಯಾಸವಿಲ್ಲ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಟ್ಟಿಗೇ ಹೇಳಬೇಕಾಗಿದೆ. ನನ್ನ ಮಗ ಹೋಗಿ ಏಳು ತಿಂಗಳಾಯಿತು. ನೀನು ಹೋಗಿ ನಾಲ್ಕು. ನೀನು ಹೋದ ಮೂರನೆಯ ವಾರ ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಪಾಲುದಾರನಿಂದ, ಎಂದರೆ ನೀವು ಗಂಡ ಹೆಂಡತಿ 'ಬೆಣ್ಣೆ' ಎಂದು ಕರೆಯುತ್ತಿದ್ದವನಿಂದ, ಒಂದು ವಕೀಲರ ನೋಟಿಸು ಬಂತು. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವ ಆ ಮನುಷ್ಯ ಕಾಗದದಲ್ಲೂ ಹಾಗೆಯೇ ಇದ್ದ. ಕಾರ್ಖಾನೆಯ ಕಟ್ಟಡ ಪಾಲುದಾರಿಕೆಗೆ ಸೇರಿದ್ದು, ಆದ್ದರಿಂದ ಅದನ್ನು ಮಾರುವ ಅಧಿಕಾರ ಉಳಿದ ಪಾಲುದಾರನಾದ ತನ್ನದು, ದಯವಿಟ್ಟು ಸಹಕರಿಸಬೇಕು ಎಂದು ಬರೆಸಿದ್ದ. ಲಕೋಟೆಯ ಮೇಲೆ ಇದ್ದದ್ದು ನಿನ್ನ ಹೆಸರು. ಒಡೆದು ಓದಿದವನು ನಾನು. ನಿನಗೆ ತಿಳಿಸದೆ ಉತ್ತರ ಬರೆದವನೂ ನಾನೇ.

ಹನ್ನೆರಡು ಪುಟ ಬರೆದೆ. ಕಾಲೇಜಿನಲ್ಲಿ ಮೂರು ವರ್ಷ ಸತತವಾಗಿ ಚರ್ಚಾಸ್ಪರ್ಧೆಯ ಪಾರಿತೋಷಕ ಗೆದ್ದವನಿಗೆ ಒಬ್ಬ ವ್ಯಾಪಾರಿಯ ನೋಟಿಸು ಯಾವ ಲೆಕ್ಕ ಎಂದುಕೊಂಡೆ. ಎದುರಾಳಿಯನ್ನು ಮಣಿಸುವ ನನ್ನ ಹಳೆಯ ಉಪಾಯ ನೀನೂ ಊಟದ ಮೇಜಿನಲ್ಲಿ ಕಂಡದ್ದೇ: ಮೊದಲು ಅವನ ಮಾತನ್ನು ಒಪ್ಪಿದಂತೆ ಮಾಡಿ ಎತ್ತರಕ್ಕೆ ಹತ್ತಿಸುವುದು, ಆಮೇಲೆ ಏಣಿ ತೆಗೆಯುವುದು. ಏಳನೆಯ ಪುಟದಲ್ಲಿ ಹೀಗೆ ಬರೆದೆ: 'ಕಟ್ಟಡವು ಪಾಲುದಾರಿಕೆಯದೇ ಎಂದು ವಾದಕ್ಕಾಗಿ ಒಪ್ಪಿಕೊಳ್ಳೋಣ, ಆದರೂ ಸತ್ತವನ ಪಾಲು ಅವನ ಜೊತೆಗೇ ಸಾಯುವುದೇ?' ಆ ಪ್ರಶ್ನೆ ನನಗೆ ಎಷ್ಟು ಹಿಡಿಸಿತೆಂದರೆ ಎದ್ದು ನಿಂತು ಗಟ್ಟಿಯಾಗಿ ಓದಿದೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಗೆದ್ದವನ ಹಾಗೆ ನಡೆದು ಮನೆಗೆ ಬಂದೆ.

ಕಳೆದ ತಿಂಗಳು ಅವರ ಎರಡನೆಯ ನೋಟಿಸು ಬಂತು. ಅದರಲ್ಲಿ ನನ್ನ ಹನ್ನೆರಡು ಪುಟದಿಂದ ಅರ್ಧ ವಾಕ್ಯವನ್ನು ಮಾತ್ರ ಎತ್ತಿಕೊಂಡಿದ್ದರು. ಯಾವ ಅರ್ಧ ಎಂದು ನೀನು ಊಹಿಸಬಲ್ಲೆ. ಕುಟುಂಬದ ಹಿರಿಯರೇ ಲಿಖಿತವಾಗಿ ಒಪ್ಪಿರುವುದರಿಂದ ಈ ತಿಂಗಳ ಇಪ್ಪತ್ತನಾಲ್ಕರೊಳಗೆ ಕಟ್ಟಡ ಬಿಟ್ಟುಕೊಡಬೇಕು, ಇಲ್ಲವಾದರೆ ನ್ಯಾಯಾಲಯದಲ್ಲಿ ನೋಡಿಕೊಳ್ಳುತ್ತೇವೆ ಎಂದಿತ್ತು.

ಆಗ ವಕೀಲರನ್ನು ಹುಡುಕಿಕೊಂಡು ಹೊರಟೆ. ಮೊದಲು ಕಂಡ ವಕೀಲ, ನಾನು ಕುರ್ಚಿಯಲ್ಲಿ ಕೂರುವ ಮುಂಚೆಯೇ 'ಗೆಲುವು ನಮ್ಮದೇ, ಚಿಂತೆ ಬಿಡಿ ಸಾರ್' ಎಂದ. ಎದುರು ಪಕ್ಷದ ಮಾತು ಕೇಳದೆ ಗೆಲುವು ಸಾರುವವನನ್ನು ನಾನು ಹದಿನೆಂಟನೆಯ ವಯಸ್ಸಿನಲ್ಲೇ ನಂಬುತ್ತಿರಲಿಲ್ಲ, ಎದ್ದು ಬಂದೆ. ಎರಡನೆಯದಾಗಿ ಹೋದದ್ದು ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಗೆ. ಫಲಕದಲ್ಲಿ 'ವ್ಯಾಪಾರ, ವ್ಯಾಜ್ಯ, ಸ್ಥಿರಾಸ್ತಿ' ಎಂದು ಮೂರೇ ಪದ. ಒಳಗೆ ಇದ್ದವರು ನನಗಿಂತ ಹತ್ತು ವರ್ಷ ಚಿಕ್ಕವರಾದ ಹೆಂಗಸು, ಮೂವತ್ತೊಂದು ವರ್ಷದ ಅನುಭವ. ಕೈಗೆ ಬಂದ ಕಾಗದವನ್ನು ಓದುವ ಮೊದಲು ಹಿಂದೆ ತಿರುಗಿಸಿ ಮುದ್ರೆ ನೋಡುವ ಅಭ್ಯಾಸ. ಅವರನ್ನು ಪರೀಕ್ಷಿಸಲೆಂದು ಹನ್ನೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮೊದಲನೆಯದೇ ಕೊಂಚ ಕಟುವಾದದ್ದು: ಈಚೆಗೆ ಯಾವ ಮೊಕದ್ದಮೆ ಸೋತಿರಿ? ಅವರು ಬೇಸರ ಮಾಡಿಕೊಳ್ಳಲಿಲ್ಲ. 'ಹೋದ ತಿಂಗಳೇ ಒಂದು ಸೋತೆ, ಯಜಮಾನರೇ. ಕಕ್ಷಿದಾರರು ಒಂದು ಕಾಗದ ನನಗೆ ತೋರಿಸಿರಲಿಲ್ಲ. ನೀವು ಯಾವುದನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೀರಿ?' ಎಂದರು. ಉಳಿದ ಹತ್ತು ಪ್ರಶ್ನೆಗಳು ಜೇಬಿನಲ್ಲೇ ಉಳಿದವು.

ನನ್ನ ಪತ್ರದ ಪ್ರತಿಯನ್ನು ಕೊಟ್ಟೆ. ಹನ್ನೆರಡು ಪುಟವನ್ನೂ ಓದಿದರು, ಒಂದು ಸಾಲೂ ಬಿಡದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೆಚ್ಚುಗೆಯ ಮಾತಿಗಾಗಿ ಕಾಯುತ್ತಿದ್ದೆ. ಏಳನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು. 'ಕನ್ನಡ ಬಹಳ ಚೆನ್ನಾಗಿದೆ' ಎಂದರು. 'ಕಟ್ಟಡ ತಮ್ಮದು ಅನ್ನೋದಕ್ಕೆ ಪಾಲುದಾರಿಕೆಯ ಈ ಏಳು ವರ್ಷದಲ್ಲಿ ಅವರ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ. ಈಗ ಇದೆ. ನೀವೇ ಅಂಚೆಗೆ ಹಾಕಿದ್ದೀರಿ.' ಚಪ್ಪಡಿ ಎಳೆದುಕೊಳ್ಳುವುದು ಎನ್ನುತ್ತಾರಲ್ಲ, ಅದು ತಲೆಯ ಮೇಲೆ ಬಿದ್ದ ಸದ್ದು ನನಗೆ ಆಗ ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಮಕ್ಕಳಿಗೆ ಬುದ್ಧಿ ಹೇಳಿದ್ದೇನೋ.

ಅವರು ಕ್ರಯಪತ್ರ ತರಲು ಹೇಳಿದರು. ಮರುದಿನ ಕಾರ್ಖಾನೆಗೆ ಹೋಗಿ, ನನ್ನ ಮಗನ ಮೇಜಿನ ಕೆಳಗಿನ ಖಾನೆ ತೆಗೆದೆ. ಗೋಂದಿನ ವಾಸನೆ ಹಾಗೆಯೇ ಇದೆ. ಕತ್ತರಿಸುವ ಯಂತ್ರದ ಪಕ್ಕ, ಅವನು ಕುಸಿದು ಬಿದ್ದ ಜಾಗದಲ್ಲಿ, ಯಾರೋ ರಟ್ಟಿನ ಕಟ್ಟುಗಳನ್ನು ಜೋಡಿಸಿದ್ದಾರೆ, ತೆಗೆಸಲಿಲ್ಲ. ಕ್ರಯಪತ್ರವನ್ನು ಅವನು ನೀಲಿ ಬಟ್ಟೆಯ ರಟ್ಟು ಹಾಕಿ ಪುಸ್ತಕದಂತೆ ಕಟ್ಟಿಸಿಟ್ಟಿದ್ದ. ಮೊದಲ ಪುಟ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಒಂಬತ್ತು ವರ್ಷದ ಹಿಂದೆ, ಪಾಲುದಾರಿಕೆಗೂ ಎರಡು ವರ್ಷ ಮೊದಲು, ಅವನು ಆ ಕಟ್ಟಡವನ್ನು ಎರಡು ಹೆಸರಿನಲ್ಲಿ ಕೊಂಡಿದ್ದ: ತನ್ನದು ಮತ್ತು ನಿನ್ನದು. ನನ್ನ ಮಗ ನನ್ನೊಡನೆ ಎಂದೂ ವಾದ ಮಾಡಿದವನಲ್ಲ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ತನಗೆ ಸರಿ ಕಂಡದ್ದನ್ನು ಮಾಡಿಕೊಂಡು ಹೋಗುತ್ತಿದ್ದ. ಅದನ್ನು ನಾನು ಇಷ್ಟು ವರ್ಷ ಅವನ ಸೋಲು ಎಂದು ತಿಳಿದಿದ್ದೆ.

ಆ ರಟ್ಟಿನ ಒಳಗಿನ ಹೊಲಿಗೆಯನ್ನೂ ನೋಡಿದೆ. ಗಂಟನ್ನು ಮಡಿಕೆಯ ಒಳಗೆ ಮರೆಸಿ ಹೊಲಿಯುವ ಕೈ ಆ ಕಾರ್ಖಾನೆಯಲ್ಲಿ ಒಂದೇ, ನಿನ್ನದು. ಅಂದರೆ ನಿನಗೆ ಎಲ್ಲವೂ ಗೊತ್ತಿತ್ತು. ಬೆಣ್ಣೆ ಸಂತಾಪ ಹೇಳಲು ಬಂದು 'ಅತ್ತಿಗೆ, ಕಾರ್ಖಾನೆ ವಿಚಾರ ಮುಂದೇನು ಮಾಡೋಣ ಅಂತೀರಿ?' ಎಂದು ಕೇಳಿದಾಗ ನೀನು ಬಾಯಿ ತೆರೆದಿದ್ದೆ. 'ಅವಳನ್ನೇನು ಕೇಳುತ್ತೀಯಪ್ಪ, ನಾನಿದ್ದೇನಲ್ಲ' ಎಂದೆ ನಾನು. 'ಅದು ನನ್ನ ಮಗನ ಕಟ್ಟಡ' ಎಂದು ಅರ್ಧ ಗಂಟೆ ಗುಡುಗಿದೆ. ನಿನ್ನ ಹೆಸರಿದ್ದ ಕಟ್ಟಡದ ಬಗ್ಗೆ ನಾನು ಮಾತಾಡುತ್ತಿದ್ದಷ್ಟು ಹೊತ್ತೂ ನೀನು ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಂತಾಪಕ್ಕೆ ಬಂದವರು ನಿನ್ನನ್ನು ಕೇಳಿದ್ದಕ್ಕೆಲ್ಲ ಹೀಗೆಯೇ ನಾನೇ ಉತ್ತರ ಕೊಟ್ಟೆ, ನೀನು ಊಟ ಮಾಡಿದೆಯಾ ಎಂಬುದಕ್ಕೂ ಸಹ. ಹೊರಡುವ ದಿನ ನೀನು 'ನಿಮ್ಮ ಹತ್ತಿರ ಮಾತಾಡಿ ಗೆದ್ದವರಿಲ್ಲ ಮಾವ, ನಾನು ಹೋಗ್ತೀನಿ' ಎಂದೆ. ನೀನು ಬೀದಿಯ ತಿರುವು ದಾಟುವವರೆಗೂ ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಕ್ರಯಪತ್ರ ನೋಡಿದ ವಕೀಲರ ಮುಖ ಸಡಿಲವಾಯಿತು. 'ಇಲ್ಲಿ ಎರಡು ಹೆಸರಿದೆ. ಒಬ್ಬರು ಇಲ್ಲ, ಒಬ್ಬರು ಇದ್ದಾರೆ. ಇದರಲ್ಲಿ ನೀವೆಲ್ಲಿದ್ದೀರಿ?' ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ. 'ಅದೇ ನಮ್ಮ ಪುಣ್ಯ' ಎಂದರು. ಕಟ್ಟಡಕ್ಕೆ ಸಂಬಂಧವೇ ಇಲ್ಲದವನು ಏನನ್ನು ಒಪ್ಪಿಕೊಂಡರೂ ಅದು ಒಡತಿಯನ್ನು ಕಟ್ಟಿಹಾಕುವುದಿಲ್ಲವಂತೆ. ಆದರೆ ಹಾಗೆಂದು ಒಡತಿ ಸ್ವತಃ ಹೇಳಬೇಕು, ಇಪ್ಪತ್ತನಾಲ್ಕರ ಒಳಗೆ, ಸಹಿ ಮಾಡಿ. ಹೇಳಬೇಕಾದ ಮಾತನ್ನು ಅವರು ಬರೆಸಿದ್ದಾರೆ. ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅದರ ತಿರುಳು ಇಷ್ಟು: 'ನನ್ನ ಮಾವ ಬರೆದ ಪತ್ರಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ನನ್ನ ಪರವಾಗಿ ಮಾತನಾಡುವ ಅಧಿಕಾರವನ್ನು ನಾನು ಅವರಿಗೆ ಎಂದೂ ಕೊಟ್ಟಿಲ್ಲ.' ಅವರ ಗುಮಾಸ್ತ ನನ್ನ ಮೇಲೆ ಕನಿಕರಪಟ್ಟು 'ವೃದ್ಧಾಪ್ಯ ಹಾಗೂ ಪುತ್ರಶೋಕದ ನಿಮಿತ್ತ' ಎಂದು ಮುಂದೆ ಸೇರಿಸಿದ್ದ. ಆ ಮಾತನ್ನು ನಾನೇ ಹೊಡೆದು ಹಾಕಿಸಿದೆ. ಮಗನಿದ್ದಾಗಲೂ, ನನಗೆ ನಲವತ್ತು ವರ್ಷವಾಗಿದ್ದಾಗಲೂ ನಾನು ಇದನ್ನೇ ಮಾಡುತ್ತಿದ್ದೆ. ಇದಕ್ಕೆ ಅವನ ಸಾವನ್ನು ಸಾಕ್ಷಿಗೆ ಕರೆಯಲಾರೆ.

ಆದ್ದರಿಂದ ಸಂಕೋಚ ಬೇಡ. ಓದಿ, ಸರಿ ಎನಿಸಿದರೆ ಸಹಿ ಮಾಡು. ಇದು ಮೊಕದ್ದಮೆಗಾಗಿ ಹೂಡಿದ ಉಪಾಯವಲ್ಲ, ನಿಜವಾದ ಮಾತು. ಇಷ್ಟು ದಿನ ನಿನಗೆ ಬಂದ ಕಾಗದವನ್ನು ಮುಚ್ಚಿಟ್ಟಿದ್ದಕ್ಕೆ ನನ್ನನ್ನು ಕ್ಷಮಿಸು. ಎರಡೂ ನೋಟಿಸುಗಳು ಇದರೊಳಗಿವೆ. ವಕೀಲರು ನಿನ್ನನ್ನು ಹದಿನೆಂಟನೆಯ ತಾರೀಖು, ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನೋಡುತ್ತಾರೆ. ಒಳಗೆ ನಿನ್ನ ಜೊತೆ ಯಾರು ಬರುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದಿದ್ದೇನೆ. ನಾನು ಹೊರಗಿನ ಬೆಂಚಿನ ಮೇಲೆ ಇರುತ್ತೇನೆ. ಬೇಡವೆಂದರೆ ಮನೆಯಲ್ಲೇ ಇರುತ್ತೇನೆ.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಹೆಬ್ಬೆರಳಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ನಿನಗೆ ಒಳ್ಳೆಯದಾಗಲಿ, ಮಗಳೇ.

ಇತಿ,
ನಿನ್ನ ಮಾವ

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಎದ್ದು ಬರುವಾಗ ವಕೀಲರು ಒಂದೇ ಒಂದು ಕೇಳಿದರು: 'ಕಟ್ಟಡ ಉಳಿದರೆ ನಿಮ್ಮ ಸೊಸೆ ಕಾರ್ಖಾನೆ ನಡೆಸುತ್ತಾರೋ, ಮಾರುತ್ತಾರೋ?' ಬಾಯಿ ತೆರೆದೆ. ಆಮೇಲೆ 'ಗೊತ್ತಿಲ್ಲ, ನಾನು ಕೇಳಿಲ್ಲ' ಎಂದೆ. ಈಗ ಕೇಳುತ್ತಿದ್ದೇನೆ. ಯಾಕೆ ಮಾರಬಾರದು ಎಂದು ನಿನ್ನೆ ನಾಲ್ಕು ಪುಟ ಬರೆದಿದ್ದೆ, ಚೆನ್ನಾಗಿಯೇ ಬಂದಿತ್ತು. ಅದನ್ನು ಇದರೊಳಗೆ ಇಟ್ಟಿಲ್ಲ. ಇಟ್ಟಿರುವುದು ಕಾರ್ಖಾನೆಯ ಬೀಗದಕೈ. ನನ್ನ ಹತ್ತಿರ ಇದ್ದದ್ದು ಅದೊಂದೇ.